ಮೆತ್ತಗಾದ ಬ್ರೇಕ್ ಪೆಡಲ್: ಗಾಳಿ ಎಲ್ಲಿ ಕೂತಿತ್ತು

ಬ್ರೇಕ್ ಪೆಡಲ್ ಮೆತ್ತಗಾಗಿದೆ ಅಂತ ಕಾರು ಬಂದರೆ ಬಹಳ ಕಡೆ ಮೊದಲು ಮಾಡುವ ಕೆಲಸ ಏರ್ ತೆಗೆಯುವುದು, ಅಂದರೆ ಬ್ರೇಕ್ ಆಯಿಲ್ ಒಳಗೆ ಸೇರಿದ ಗಾಳಿ ಹೊರಗೆ ಬಿಡುವುದು. ನಾಲ್ಕೂ ಗಾಲಿಯ ನಿಪ್ಪಲ್ (ಗಾಳಿ, ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು) ಬಿಚ್ಚಿ ಒಂದಿಷ್ಟು ಆಯಿಲ್ ಬಿಟ್ಟು ಕಳಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಿ ಅನ್ನುತ್ತಾರೆ. ಹುಬ್ಬಳ್ಳಿಯ ಗೋಕುಲ ರೋಡ್ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ನಾನು ಪಾನಾ ಹಿಡಿಯುವ ಮುಂಚೆ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಮೇಲೆ ಕಾಲಿಡುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇತ್ತೀಚೆಗೆ ಕಲಘಟಗಿ ಕಡೆಯ ಮಾಸ್ತರರೊಬ್ಬರು ತಮ್ಮ ಹಳೆಯ ಸಣ್ಣ ಕಾರು ತಂದರು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಬೇರೆ ಕಡೆ ಮುಂದಿನ ಎರಡೂ ಕ್ಯಾಲಿಪರ್ (ಡಿಸ್ಕನ್ನು ಪ್ಯಾಡಿನಿಂದ ಅದುಮಿ ಹಿಡಿಯುವ ಭಾಗ) ಬಿಚ್ಚಿ ಒಳಗಿನ ರಬ್ಬರ್ ಸೀಲ್ ಹಾಕಿಸಿದ್ದರು. ಆವತ್ತಿನಿಂದ ಪೆಡಲ್ ಮೆತ್ತಗೆ. ಮತ್ತೆ ಮತ್ತೆ ಏರ್ ತೆಗೆಸಿದರೂ ಹಾಗೇ ಇತ್ತು. ಮಗಳ ಮನೆ ಅಂಕೋಲಾದಲ್ಲಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಲೇಬೇಕು.

"ಮಾಸ್ತರ, ಘಟ್ಟ ಇಳಿಯೋವಾಗ ಅಷ್ಟ ಮೆತ್ತಗ ಆಗ್ತದೋ, ಮುಂಜಾನೆ ಮನಿ ಮುಂದೂ ಹಂಗ ಇರ್ತದೋ?"

"ಮುಂಜಾನೆನೂ ಹಂಗ ಐತ್ರಿ. ಎರಡು ಸಲ ಒತ್ತಿದ್ರ ಸ್ವಲ್ಪ ಮ್ಯಾಲ ಬರ್ತದ."

ಈ ಪ್ರಶ್ನೆಯನ್ನು ನಾನು ಬಿಡುವುದೇ ಇಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಹಳೆಯ ಆಯಿಲ್ ಕ್ಯಾಲಿಪರಿನೊಳಗೆ ಕುದಿದು ಆವಿಯಾಗುತ್ತದೆ. ಆಗ ಪೆಡಲ್ ಕೆಳಗೆ ಹೋಗುತ್ತದೆ, ತಣ್ಣಗಾದ ಮೇಲೆ ಮತ್ತೆ ಸರಿ ಹೋಗುತ್ತದೆ. ಮಾಸ್ತರರ ಕಾರು ತಣ್ಣಗಿದ್ದಾಗಲೂ ಹಾಗೇ ಇತ್ತು. ಅಂದರೆ ಕುದಿಯುವ ಕಥೆ ಇದಲ್ಲ.

ಮೊದಲು ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡಿದೆ. ಮಟ್ಟ ಸರಿಯಿತ್ತು, ಕಡಿಮೆಯಾಗಿರಲಿಲ್ಲ. ಹಿಂದಿನ ಡ್ರಮ್ ಬಿಚ್ಚಿ, ಶೂ (ಡ್ರಮ್ ಒಳಗೆ ಉಜ್ಜಿ ಗಾಲಿ ನಿಲ್ಲಿಸುವ ಪಟ್ಟಿ) ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿದೆ, ಒಣಗಿತ್ತು. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ (ವ್ಯಾಕ್ಯೂಮಿನಿಂದ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಭಾಗ) ಕೂರುವ ಜಾಗದಲ್ಲೂ ಹಸಿ ಇರಲಿಲ್ಲ. ಅಲ್ಲಿ ಸೋರಿದ ಆಯಿಲ್ ಬೂಸ್ಟರಿನೊಳಗೆ ಇಳಿದುಬಿಡುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಅದಕ್ಕೇ ಅಲ್ಲಿ ಬೆರಳಾಡಿಸಿ ನೋಡಬೇಕು.

ಆಮೇಲೆ ಸೀಟಿನಲ್ಲಿ ಕೂತೆ. ಇಂಜಿನ್ ಬಂದ್ ಮಾಡಿ, ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗುವವರೆಗೆ ಪೆಡಲ್ ಒತ್ತಿ ಬಿಟ್ಟೆ. ಕಾಲು ಅಲ್ಲೇ ಇಟ್ಟು ಇಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಜಾರಿತು. ಇದು ಬೂಸ್ಟರ್ ಚೆನ್ನಾಗಿದೆ ಅನ್ನುವ ಗುರುತು. ಎಷ್ಟೋ ಜನ ಇದನ್ನೇ ನೋಡಿ ಬ್ರೇಕ್ ಮೆತ್ತಗಾಯಿತು ಅಂತ ಗಾಬರಿಯಾಗುತ್ತಾರೆ.

ಮುಂದಿನದು ಮಾಸ್ಟರ್ ಸಿಲಿಂಡರ್ ಪರೀಕ್ಷೆ. ಇಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಬೇಕು. ಒಳಗಿನ ಸೀಲ್ ಸವೆದಿದ್ದರೆ ಆಯಿಲ್ ಹಿಂದಕ್ಕೆ ನುಸುಳಿ ಪೆಡಲ್ ಮೆಲ್ಲಗೆ ನೆಲಕ್ಕೆ ಇಳಿಯುತ್ತದೆ. ಒಮ್ಮೆ ಜೋರಾಗಿ ಒತ್ತಿ, ಇನ್ನೊಮ್ಮೆ ಹಗುರವಾಗಿ ಒತ್ತಿ ನೋಡಬೇಕು. ಸವೆದ ಸೀಲ್ ಜೋರು ಒತ್ತಡಕ್ಕೆ ಅಗಲವಾಗಿ ಹಿಡಿದುಕೊಳ್ಳಬಹುದು, ಹಗುರ ಒತ್ತಡಕ್ಕೆ ಬಿಟ್ಟುಕೊಡಬಹುದು. ಈ ಕಾರಿನಲ್ಲಿ ಎರಡಕ್ಕೂ ಪೆಡಲ್ ಕದಲಲಿಲ್ಲ. ಮಾಸ್ತರರಿಗೆ ಅದೇ ಸಿಲಿಂಡರ್ ಬದಲಿಸಲು ಹೇಳಿದ್ದರು. ಸುಮ್ನೆ ಸಾವಿರಾರು ರೂಪಾಯಿ ಹೋಗುತ್ತಿತ್ತು, ದೋಷ ಅಲ್ಲೇ ಉಳಿಯುತ್ತಿತ್ತು.

ಇನ್ನು ಉಳಿದದ್ದು ಎರಡು ಅನುಮಾನ. ಒಂದು, ಹಿಂದಿನ ಶೂ ಮತ್ತು ಡ್ರಮ್ ನಡುವೆ ಸಂದು ಜಾಸ್ತಿಯಾಗಿರಬಹುದು. ಇನ್ನೊಂದು, ಗಾಳಿ. ಎರಡರಲ್ಲೂ ಪದೇ ಪದೇ ಒತ್ತಿದರೆ ಪೆಡಲ್ ಮೇಲೆ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ಮೇಲೆ ಬಂದ ಮೇಲೆ. ಸಂದು ಇದ್ದರೆ ಮೇಲೆ ಬಂದ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಗಾಳಿ ಇದ್ದರೆ ಮೇಲೆ ಬಂದರೂ ಕಾಲಿನ ಕೆಳಗೆ ಪುಟಿಯುತ್ತಲೇ ಇರುತ್ತದೆ. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಅಷ್ಟೇ. ಇಲ್ಲಿ ಎರಡೂ ಬೆರೆತ ಹಾಗಿತ್ತು. ಆದರೆ ಪುಟಿತ ಜಾಸ್ತಿ.

ಎಲ್ಲಿ ಅಂತ ಹುಡುಕಲು ನಾನು ಗಾಲಿಗೆ ಆಯಿಲ್ ಒಯ್ಯುವ ಹೋಸನ್ನು ಅದುಮಿ ಮುಚ್ಚುವ ಹೋಸ್ ಕ್ಲ್ಯಾಂಪ್ ಬಳಸುತ್ತೇನೆ. ದುಂಡನೆಯ ಬಾಯಿಯ, ರಬ್ಬರ್ ಹೋಸ್ ಕತ್ತರಿಸದ ಕ್ಲ್ಯಾಂಪ್. ಇಕ್ಕಳದಲ್ಲಿ ಹಿಡಿಯಲೇಬಾರದು. ಹೋಸ್ ಬಿರುಕು ಬಿಟ್ಟಿದ್ದರೆ ಕ್ಲ್ಯಾಂಪ್ ಹಾಕುವ ಮಾತೇ ಇಲ್ಲ, ಅದನ್ನು ಬದಲಿಸುವುದೇ ಸರಿ. ಮುಂದೆ ಹಿಂದೆ ಎಲ್ಲ ಹೋಸ್‌ಗೂ ಕ್ಲ್ಯಾಂಪ್ ಹಾಕಿ ಒತ್ತಿದೆ. ಪೆಡಲ್ ಮೇಲೇ ನಿಂತಿತು, ಗಟ್ಟಿಯಾಗಿತ್ತು. ಮಾಸ್ಟರ್ ಸಿಲಿಂಡರ್ ಮೇಲಿನ ಕೊನೆಯ ಅನುಮಾನವೂ ಹೋಯಿತು. ಹಿಂದಿನ ಕ್ಲ್ಯಾಂಪ್ ಬಿಚ್ಚಿದೆ. ಸ್ವಲ್ಪ ಕೆಳಗೆ ಬಂತು, ಆದರೆ ಗಟ್ಟಿಯಾಗೇ ಇತ್ತು. ಅದು ಶೂ ಸಂದು. ಮುಂದಿನ ಬಲಗಡೆಯದು ಬಿಚ್ಚಿದೆ, ಪೆಡಲ್ ಮೆತ್ತಗಾಯಿತು. ಎಡಗಡೆಯದು ಬಿಚ್ಚಿದಾಗ ಇನ್ನೂ ಮೆತ್ತಗಾಯಿತು.

ಗಾಳಿ ಇದ್ದದ್ದು ಮುಂದಿನ ಎರಡೂ ಕ್ಯಾಲಿಪರಿನಲ್ಲಿ. ಅಷ್ಟು ಸಲ ಏರ್ ತೆಗೆದರೂ ಯಾಕೆ ಹೋಗಲಿಲ್ಲ?

ಗಾಲಿ ಬಿಚ್ಚಿ ದೀಪ ಹಿಡಿದು ನೋಡಿದೆ. ನಿಪ್ಪಲ್ ಕ್ಯಾಲಿಪರಿನ ಕೆಳಭಾಗದಲ್ಲಿತ್ತು. ಇನ್ನೊಂದು ಕಡೆಯೂ ಹಾಗೇ. ಸೀಲ್ ಹಾಕಿದವರು ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದರು. ಈ ತರಹದ ಕ್ಯಾಲಿಪರುಗಳಲ್ಲಿ ಬೋಲ್ಟ್ ತೂತು ಎರಡೂ ಕಡೆ ಒಂದೇ ಅಳತೆ ಇರಬಹುದು. ಬದಲಾಗುವುದು ನಿಪ್ಪಲ್ ಜಾಗ ಮಾತ್ರ. ಕೂರುತ್ತದೆ, ಪ್ಯಾಡ್ ಹಿಡಿಯುತ್ತದೆ, ಗಾಲಿ ನಿಲ್ಲುತ್ತದೆ. ಆದರೆ ಗಾಳಿ ಯಾವಾಗಲೂ ಮೇಲೆ ಹೋಗಿ ಕೂರುತ್ತದೆ, ಅಲ್ವಾ? ನಿಪ್ಪಲ್ ಕೆಳಗಿದ್ದರೆ ಎಷ್ಟು ಆಯಿಲ್ ಬಿಟ್ಟರೂ ಕೆಳಗಿನ ಆಯಿಲ್ ಮಾತ್ರ ಹೊರಗೆ ಬರುತ್ತದೆ. ಪೈಪಿನಲ್ಲಿ ಒಂದು ಗುಳ್ಳೆಯೂ ಕಾಣುವುದಿಲ್ಲ. ಗುಳ್ಳೆ ಬರಲಿಲ್ಲ, ಗಾಳಿ ಇಲ್ಲ ಅಂತ ನಂಬಿ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಟ್ಟಿದ್ದರು.

ಎರಡೂ ಬಿಚ್ಚಿ ಅವುಗಳ ಸರಿಯಾದ ಜಾಗಕ್ಕೆ ಹಾಕಿದೆ. ಹೋಸ್ ಕೂರುವ ಬೋಲ್ಟಿನ ತಾಮ್ರದ ವಾಷರ್ ಎಲ್ಲ ಹೊಸದು. ಹಳೆಯ ವಾಷರ್ ಒಮ್ಮೆ ಒತ್ತಿ ಹೋಗಿರುತ್ತದೆ, ಮತ್ತೆ ಸರಿಯಾಗಿ ಹಿಡಿಯುವ ಭರವಸೆ ಇಲ್ಲ. ಹೋಸ್ ತಿರುಚಿಕೊಂಡಿಲ್ಲವೆಂದು ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ.

ಏರ್ ತೆಗೆಯುವ ಮುಂಚೆ ಹಿಂದಿನ ಶೂ ಹೊಂದಿಸಿದೆ. ಗಾಲಿ ತಿರುಗಿಸಿದಾಗ ಸಣ್ಣಗೆ ಸವರುವ ಸದ್ದು ಬರುವಷ್ಟು, ಹಿಡಿಯದಷ್ಟು. ಇದಕ್ಕೆ ಹ್ಯಾಂಡ್‌ಬ್ರೇಕ್ ಪೂರ್ತಿ ಸಡಿಲವಾಗಿರಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿ ಸಂದು ಮುಚ್ಚುವ ರೂಢಿ ಕೆಲವು ಕಡೆ ಇದೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಶೂ ತನ್ನ ಜಾಗದಿಂದಲೇ ಎದ್ದು ಕೂತರೆ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಕೆಲಸವೇ ಮಾಡುವುದಿಲ್ಲ.

ಪೆಡಲ್ ಮೇಲೆ ನನ್ನ ಅಣ್ಣನ ಮಗನನ್ನು ಕೂರಿಸಿದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟೆ. ಹಳೆಯ ಕಾರಿನಲ್ಲಿ ಪೆಡಲನ್ನು ನೆಲದವರೆಗೆ ತುಳಿಯಬಾರದು. ಮಾಸ್ಟರ್ ಸಿಲಿಂಡರಿನ ಸೀಲ್ ದಿನವೂ ಓಡಾಡದ ಜಾಗಕ್ಕೆ ಹೋಗುತ್ತದೆ. ಅಲ್ಲಿ ತುಕ್ಕು, ಕೆಸರು ಇದ್ದರೆ ಹರಿದು ಹೋಗುತ್ತದೆ. ಚೆನ್ನಾಗಿದ್ದ ಸಿಲಿಂಡರನ್ನು ನಾವೇ ಕೆಡಿಸಿದ ಹಾಗಾಗುತ್ತದೆ.

ನಿಪ್ಪಲಿಗೆ ಪಾರದರ್ಶಕ ಪೈಪ್, ಅದರ ತುದಿ ಬಾಟಲಿಯಲ್ಲಿದ್ದ ಆಯಿಲ್ ಒಳಗೆ. "ಒತ್ತು, ಹಿಡಕೋ" ಅಂದಾಗ ಅವನು ಒತ್ತಿ ಹಿಡಿಯಬೇಕು. "ಹಿಡಿದೀನಿ ಕಾಕಾ" ಅಂದ ಮೇಲೆ ನಾನು ನಿಪ್ಪಲ್ ಬಿಡುತ್ತೇನೆ, ಬಿಗಿ ಮಾಡುತ್ತೇನೆ. ಆಮೇಲೆ "ಬಿಡು". ಬಿಗಿ ಮಾಡುವ ಮುಂಚೆ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ ಹೋಗಬಹುದು, ಅದಕ್ಕೇ ಈ ಮಾತು ಬಾಯಿಬಿಟ್ಟೇ ಆಗಬೇಕು. ಮೊದಲ ಸಲ ನಿಪ್ಪಲ್ ಬಿಟ್ಟಾಗಲೇ ದೊಡ್ಡ ದೊಡ್ಡ ಗುಳ್ಳೆ ಬಂದವು. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗದಂತೆ ನಡುನಡುವೆ ತುಂಬುತ್ತಾ ಹೋದೆ. ಯಾವ ಗಾಲಿಯಿಂದ ಶುರು ಮಾಡಬೇಕು ಅನ್ನುವುದು ಕಾರಿನಿಂದ ಕಾರಿಗೆ ಬದಲಾಗುತ್ತದೆ, ಆ ಕಾರಿನ ಕೈಪಿಡಿ ನೋಡುವುದೇ ಒಳ್ಳೆಯದು.

ಆಯಿಲ್ ಯಾವುದು ಅನ್ನುವುದನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತಾರೆ. ಹಾಕುವುದು ಸೀಲ್ ಒಡೆಯದ ಹೊಸ ಬಾಟಲಿಯಿಂದ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಬಾರದು. ಇಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಒಂದು ಹನಿ ಬಿದ್ದರೂ ಬ್ರೇಕಿನ ರಬ್ಬರ್ ಉಬ್ಬಿ ಕೆಡುತ್ತದೆ. ಬ್ರೇಕ್ ಆಯಿಲ್ ಪೇಂಟನ್ನೂ ತಿನ್ನುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು.

ಕೆಲಸ ಮುಗಿದಾಗ ಪೆಡಲ್ ಒಂದೇ ಒತ್ತಿಗೆ ಮೇಲೇ ಹಿಡಿಯಿತು. ಮೊದಲು ಗ್ಯಾರೇಜಿನ ಮುಂದೆ ನಡಿಗೆಯ ವೇಗದಲ್ಲಿ, ಆಮೇಲೆ ಖಾಲಿ ರಸ್ತೆಯಲ್ಲಿ ನೋಡಿದೆ. ವಾಪಸ್ ಬಂದು ನಿಪ್ಪಲ್ ಮತ್ತು ತಾಮ್ರದ ವಾಷರ್ ಸುತ್ತ ಒಣ ಬಟ್ಟೆಯಿಂದ ಒರೆಸಿ ಹಸಿ ಇದೆಯಾ ಅಂತ ಪರೀಕ್ಷಿಸಿದೆ. ಮಾಸ್ತರರಿಗೆ ಎರಡು ಮಾತು ಹೇಳಿದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿರಿ. ಅರಬೈಲ್ ಇಳಿಯುವಾಗ ತಿರುವು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿರಿ. ವಾರ ಬಿಟ್ಟು ಇನ್ನೊಮ್ಮೆ ಬಂದು ಆಯಿಲ್ ಮಟ್ಟ ತೋರಿಸಿ ಹೋಗಿ ಅಂದೆ.