ಕೆಸರಿಗಿಳಿದ ಮೇಲೆ ಮಾತು ಬಂತು

ಹವಾಯಿಯ ಓಅಹು ದ್ವೀಪದಲ್ಲಿ, ಮನೆಯಲ್ಲಿ ಹೊಡೆತ ತಿಂದು ಬಂದ ಹೆಂಗಸರ ಜೊತೆ ಕೆಲಸ ಮಾಡುತ್ತಿದ್ದೇನೆ. ಊರಿನ ಹೆಸರು ಬೇಡ. ಮೊದಲ ಎರಡು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ದುಂಡಗೆ ಕುರ್ಚಿ, 12 ವಾರದ ಪಾಠ, ಝೆರಾಕ್ಸ್ ಹಾಳೆ. 14 ಜನ ಶುರು ಮಾಡಿದರೆ ಕೊನೆಗೆ 3 ಜನ. ಅವರಲ್ಲಿ ಒಬ್ಬರು ಊಟಕ್ಕೆ ಬರುತ್ತಿದ್ದರು ಅಂತ ನನ್ನ ಅನುಮಾನ.

ಆಮೇಲೆ ಇನ್ನೂ ದೊಡ್ಡ ತಪ್ಪು. ಹೋಓಪೊನೊಪೊನೊ ಅಂದರೆ ಇಲ್ಲಿನವರ ಪದ್ಧತಿ, ಮನೆಯವರೆಲ್ಲ ಕೂತು ತಪ್ಪು ಒಪ್ಪಿಕೊಂಡು ಗಂಟು ಬಿಡಿಸುವುದು. ಒಂದು ಸಲ ಒಬ್ಬಳ ಗಂಡನ ಕಡೆಯವರನ್ನೂ ಕೂರಿಸಿದೆವು. ಆಕೆ ಅತ್ತೆಯ ಮುಖ ನೋಡಿ "ನನ್ನದೇ ತಪ್ಪು" ಅಂದುಬಿಟ್ಟಳು. ಮರುವಾರ ಬರಲೇ ಇಲ್ಲ. ಈಗ ತಾಯಿ, ಅಕ್ಕತಂಗಿಯರ ಜೊತೆ ಮಾತ್ರ, ಅದೂ ಆಕೆಯೇ ಕೇಳಿದರೆ.

ದಾರಿ ತೋರಿಸಿದ್ದು ಇಲ್ಲಿನ ಒಬ್ಬ ಆಂಟಿ. ಇಲ್ಲೂ ನಮ್ಮ ಹಾಗೇ, ಹಿರಿಯ ಹೆಂಗಸರೆಲ್ಲ ಆಂಟಿಯೇ. "ಕುರ್ಚಿ ಬಿಡು, ಲೊಇಗೆ ಕರೆದುಕೊಂಡು ಬಾ" ಅಂದರು. ಲೊಇ ಅಂದರೆ ನೀರು ಹರಿಯುವ ಕೆಸುವಿನ ಗದ್ದೆ. ಹವಾಯಿಯವರಿಗೆ ಕೆಸು ಬರೀ ಬೆಳೆಯಲ್ಲ, ಮನುಷ್ಯನ ಅಣ್ಣ. ಸತ್ತೇ ಹುಟ್ಟಿದ ಮಗುವನ್ನು ಹೂತಲ್ಲಿ ಮೊದಲ ಕೆಸು ಮೊಳೆಯಿತಂತೆ. ಅದರ ತಮ್ಮ ಹಾಲೋವಾನಿಂದ ಈ ಜನ ಹುಟ್ಟಿದರಂತೆ. ಕುಟುಂಬಕ್ಕೆ ಹೇಳುವ ಓಹಾನ ಎಂಬ ಮಾತೂ ಕೆಸುವಿನ ಮರಿ, ಓಹಾದಿಂದಲೇ ಬಂದದ್ದು.

ಹಣ ಕೊಡುವವರು ನಕ್ಕರು. ಹೊಡೆತಕ್ಕೂ ಗೆಡ್ಡೆಗೂ ಏನು ಸಂಬಂಧ ಅಂತ. ವ್ಯಾನಿಗೆ ಪೆಟ್ರೋಲು, ಊಟ, ಮಕ್ಕಳನ್ನು ನೋಡಿಕೊಳ್ಳುವವರ ಸಂಬಳ ಸೇರಿ ತಿಂಗಳಿಗೆ ಸುಮಾರು 1,800 ಡಾಲರ್. ಮೊದಲ ಆರು ತಿಂಗಳು ಅರ್ಧ ನನ್ನ ಕೈಯಿಂದಲೇ ಹೋಯಿತು. ಮಕ್ಕಳ ಖರ್ಚಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಒಮ್ಮೆ ಉಳಿಸಿದೆ, ಆ ವಾರ ನಾಲ್ವರು ಬರಲಿಲ್ಲ. ಸಾಲದ್ದಕ್ಕೆ ಮೊದಲ ಬೆಳೆಯನ್ನು ಬಸವನಹುಳು ತಿಂದು ಹಾಕಿದವು.

ಮೂರನೇ ವಾರ ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಾಗ ಒಬ್ಬಳು ತಾನಾಗಿಯೇ ಮಾತು ಶುರು ಮಾಡಿದಳು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅಲ್ವಾ? ಪೊಯಿ ಅನ್ನುವ ಕೆಸುವಿನ ಮುದ್ದೆಗೆ ಬೇಯಿಸಿದ ಗೆಡ್ಡೆ ಕುಟ್ಟುವಾಗ ಮಾತು ಇನ್ನೂ ಸಲೀಸು. ಆದರೆ ಹಲಗೆ ಮೇಲೆ ಕಲ್ಲು ಬಿದ್ದ ಸದ್ದಿಗೆ ಒಬ್ಬಳು ಬೆಚ್ಚಿಬಿದ್ದಳು. ಈಗ ಮೊದಲೇ ಹೇಳಿ, ದೂರದಲ್ಲಿ ಕುಟ್ಟಿಸುತ್ತೇವೆ.

ಪ್ರಾರ್ಥನೆ, ಕಥೆ ಎಲ್ಲ ಆಂಟಿಯದು. ನಾನು ಹೊರಗಿನವಳು. ವ್ಯಾನ್ ಓಡಿಸುತ್ತೇನೆ, ಕೋರ್ಟಿನ ಕಾಗದ ನೋಡಿಕೊಳ್ಳುತ್ತೇನೆ. ಮೊದಲ ದಿನ ಆಂಟಿ ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯೆ ಸುಮ್ನೆ ಪತ್ರೊಡೆ ಮಾಡಿದೆ. ಹುಣಸೆ ಕಮ್ಮಿಯಾಗಿ ಎಲ್ಲರ ಗಂಟಲು ತುರಿಸಿತು. ಎರಡನೇ ಸಲ ಹುಣಸೆ ಜಾಸ್ತಿ ಹಾಕಿ ಒಂದು ಗಂಟೆ ಬೇಯಿಸಿದೆ. ತಟ್ಟೆ ಖಾಲಿ.

ಹಿಂದಿನ ಕಾಲದಲ್ಲಿ ಇಲ್ಲಿ ಪುಉಹೊನುವಾ ಎಂಬ ಜಾಗಗಳಿದ್ದವು. ಒಳಗೆ ಹೊಕ್ಕವರನ್ನು ಯಾರೂ ಮುಟ್ಟುವಂತಿರಲಿಲ್ಲ. ಆಂಟಿ ನಮ್ಮ ಗದ್ದೆಗೂ ಅದೇ ಹೆಸರು ಹೇಳುತ್ತಾರೆ.

ಕಳೆದ ಸಲ 11 ಜನ ಶುರು ಮಾಡಿದರು. ಗೆಡ್ಡೆ ಕೀಳುವ ತನಕ, ಅಂದರೆ ಹತ್ತಿರ ಹತ್ತು ತಿಂಗಳು, 9 ಜನ ಉಳಿದರು. ಅಂದು ನಕ್ಕವರೇ ಈಗ ಗದ್ದೆಯ ಫೋಟೋ ಕೇಳುತ್ತಾರೆ. ಕೊಡುವುದಿಲ್ಲ. ಹಿಂದಿರುವ ಬೆಟ್ಟ ನೋಡಿದರೆ ಸಾಕು, ಜಾಗ ಯಾವುದೆಂದು ಗಂಡಂದಿರಿಗೆ ಗೊತ್ತಾಗುತ್ತದೆ.