ಹಿರಿಯರು ಬಿಟ್ಟುಹೋದ ಲೆನ್ಸುಗಳಿಗೆ ತಕ್ಕ ಕ್ಯಾಮೆರಾ ಬಾಡಿಯನ್ನು ಆರಿಸುವ ಬಗೆ

ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಬಾಡಿಯನ್ನು ಆರಿಸಿಕೊಂಡು, ಆಮೇಲೆ ಅದಕ್ಕೆ ಹೊಂದುವ ಲೆನ್ಸುಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ತಂದೆಯೋ ಅಜ್ಜನೋ ಸೋದರಮಾವನೋ ಬಿಟ್ಟುಹೋದ ಲೆನ್ಸುಗಳ ಚೀಲ ಕೈಗೆ ಬಂದವರಿಗೆ ಈ ಕ್ರಮ ಸಲ್ಲದು. ಲೆನ್ಸುಗಳು ಆಗಲೇ ಮನೆಯಲ್ಲಿವೆ. ಅವು ಯಾವುವು, ಎಂಥ ಸ್ಥಿತಿಯಲ್ಲಿವೆ, ಅವುಗಳಲ್ಲಿ ಯಾವುದನ್ನು ನೀವು ನಿಜವಾಗಿ ಬಳಸುತ್ತೀರಿ ಎಂಬುದು ತಿಳಿಯುವ ತನಕ ಯಾವ ಬಾಡಿಯ ಬೆಲೆಯನ್ನೂ ವಿಚಾರಿಸಬೇಡಿ. ನನ್ನ ತಂದೆಯ ಐದು ಲೆನ್ಸುಗಳು ನನಗೆ ಬಂದಾಗ ನಾನು ಮೊದಲೇ ಒಂದು ನಿಕಾನ್ ಡಿಎಸ್ಎಲ್ಆರ್ (ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಬಾಡಿಯನ್ನು ಕೊಂಡುಬಿಟ್ಟೆ. ಐದರಲ್ಲಿ ಮೂರು ಲೆನ್ಸುಗಳು ತಿರುಪಿನ ಮೌಂಟಿನವು, ಅಂದರೆ ಬಾಡಿಗೆ ಸೇರುವ ಬೆನ್ನಿನಲ್ಲಿ ತಿರುಪಿನ ಎಳೆಗಳುಳ್ಳವು. ನಡುವೆ ಅಡಾಪ್ಟರ್ ಎಂಬ ಜೋಡಣೆಯ ಬಳೆ ಹಾಕಿದಾಗ ಅವು ಕುಳಿತವು, ಆದರೆ ಕೆಲವು ಅಡಿಗಳಾಚೆಗಿನ ಯಾವ ವಸ್ತುವೂ ಅವುಗಳಲ್ಲಿ ಸ್ಪಷ್ಟವಾಗಿ ಮೂಡಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲ ಕೆಲಸ ಲೆನ್ಸಿನ ಬೆನ್ನನ್ನು ಓದುವುದು. ಹಿಂದಿನ ಮುಚ್ಚಳವನ್ನು ತೆಗೆದು ನೋಡಿದಾಗ ತಿರುಪಿನ ಎಳೆಗಳು ಕಂಡರೆ ಅದು ಬಹುಮಟ್ಟಿಗೆ ಎಂ42, ಅಂದರೆ 42 ಮಿ.ಮೀ. ವ್ಯಾಸ ಮತ್ತು 1 ಮಿ.ಮೀ. ಎಳೆಯ ಅಂತರವುಳ್ಳ ಮೌಂಟ್; ಟಕುಮಾರ್, ಹೀಲಿಯೋಸ್ ಹೆಸರಿನ ಮತ್ತು ಪ್ರಾಕ್ಟಿಕಾ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಅನೇಕ ಲೆನ್ಸುಗಳು ಈ ಬಗೆಯವು. ಟಿ-ಮೌಂಟ್ ಎಂಬ ಇನ್ನೊಂದು ತಿರುಪಿಗೂ 42 ಮಿ.ಮೀ. ವ್ಯಾಸವೇ ಇದೆ, ಆದರೆ ಅದರ ಎಳೆಯ ಅಂತರ 0.75 ಮಿ.ಮೀ.; ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಎರಡೂ ಎಳೆಗಳು ಕೆಡುತ್ತವೆ. ತಿರುಪಿನ ಬದಲು ಮೂರು ಲೋಹದ ರೆಕ್ಕೆಗಳಿದ್ದರೆ ಅದು ಬಯೋನೆಟ್ ಮೌಂಟ್, ಮತ್ತು ಮುಂದಿನ ಬಳೆಯ ಮೇಲಿನ ಹೆಸರು ನಿಮಗೆ ದಾರಿ ತೋರಿಸುತ್ತದೆ: ನಿಕ್ಕೋರ್ ಎಂದಿದ್ದರೆ ನಿಕಾನ್, ರೊಕ್ಕೋರ್ ಎಂದಿದ್ದರೆ ಮಿನೋಲ್ಟಾ, ಝೂಯಿಕೋ ಎಂದಿದ್ದರೆ ಒಲಿಂಪಸ್. ಹಳೆಯ ಝೂಯಿಕೋ ಲೆನ್ಸುಗಳ ಹೆಸರಿನ ಮುಂದೆ ಇರುವ ಇಂಗ್ಲಿಷ್ ಅಕ್ಷರವು ಒಳಗಿನ ಗಾಜುಗಳ ಸಂಖ್ಯೆಯನ್ನು ಸೂಚಿಸುತ್ತದೆ. ‘ಎಫ್’ ಎಂದರೆ ಆರು, ‘ಜಿ’ ಎಂದರೆ ಏಳು. ಬಾಡಿಯ ಆಯ್ಕೆಗೆ ಇದರಿಂದ ಉಪಯೋಗವಿಲ್ಲ, ಆದರೂ ಕೈಯಲ್ಲಿರುವ ವಸ್ತುವನ್ನು ಅರಿತುಕೊಳ್ಳುವ ಸಂತೋಷವೇ ಬೇರೆ. ಟ್ಯಾಮ್ರಾನ್, ವಿವಿಟಾರ್, ಸಿಗ್ಮಾ, ಟೋಕಿನಾ ಎಂಬ ಹೆಸರುಗಳಿದ್ದರೆ ಹೆಸರನ್ನು ನಂಬಿ ನಿರ್ಧರಿಸಬೇಡಿ, ಏಕೆಂದರೆ ಆ ಕಂಪನಿಗಳ ಲೆನ್ಸುಗಳು ಹಲವು ಮೌಂಟುಗಳಲ್ಲಿ ಬರುತ್ತಿದ್ದವು. ಟ್ಯಾಮ್ರಾನ್ ಅಡಾಪ್ಟಾಲ್ ಲೆನ್ಸಾದರೆ ನಿಮ್ಮ ಅದೃಷ್ಟ: ಅದರ ಹಿಂದಿನ ಮೌಂಟನ್ನೇ ಕಳಚಿ ಬೇರೊಂದನ್ನು ಹಾಕಬಹುದು.

ಎರಡನೆಯದು ಆರೋಗ್ಯದ ಪರೀಕ್ಷೆ. ಅಪರ್ಚರನ್ನು (ಬೆಳಕನ್ನು ಒಳಬಿಡುವ, ಹಿಗ್ಗಿ ಕುಗ್ಗುವ ರಂಧ್ರವನ್ನು) ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ, ಇನ್ನೊಂದು ಬದಿಯಿಂದ ನೋಡಿ. ನಾಲ್ಕಾರು ಧೂಳಿನ ಕಣಗಳು ಕಂಡರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಗಾಜಿನ ಮೇಲೆ ಮಂಜು ಕವಿದಂತಿದ್ದರೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಮಸುಕಾಗುತ್ತವೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಹೊಳೆದರೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಡುತ್ತಿದೆ ಎಂದರ್ಥ. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಹೊಳಪಿದ್ದರೆ, ಅಥವಾ ಹಿಂದಿನ ಪಿನ್ನನ್ನೋ ಸನ್ನೆಯನ್ನೋ (ಲಿವರ್) ಒತ್ತಿಬಿಟ್ಟಾಗ ಎಲೆಗಳು ಚಟ್ಟನೆ ಚಲಿಸದೆ ನಿಧಾನವಾಗಿ ತೆವಳಿದರೆ, ಅದನ್ನು ಶುಚಿಮಾಡಿಸಬೇಕು. ಸೂಪರ್ ಟಕುಮಾರ್ 50 ಮಿ.ಮೀ. ಎಫ್ 1.4 ಲೆನ್ಸಿನ ಗಾಜು ಚಹಾದ ಬಣ್ಣಕ್ಕೆ ತಿರುಗಿರುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಅದರ ಒಂದು ರೂಪದಲ್ಲಿ ಥೋರಿಯಂ ಬೆರೆತ ಗಾಜಿದ್ದು, ಅದು ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಮತ್ತು ನೇರಳಾತೀತ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಬಹುತೇಕ ತಿಳಿಯಾಗುತ್ತದೆ. ಈ ಪರೀಕ್ಷೆಯಲ್ಲಿ ಸೋತ ಲೆನ್ಸುಗಳನ್ನು ನೆನಪಿಗಾಗಿ ಇಟ್ಟುಕೊಳ್ಳಿ, ಆದರೆ ಅವುಗಳಿಗಾಗಿ ಬಾಡಿಯನ್ನು ಕೊಳ್ಳಬೇಡಿ; ಫಂಗಸ್ ಇರುವುದನ್ನು ಉಳಿದವುಗಳಿಂದ ಬೇರೆಯಾಗಿ, ಒಣಗಿದ ಜಾಗದಲ್ಲಿ ಇಡಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಲೆನ್ಸು ಕುಳಿತುಕೊಳ್ಳುವ ಲೋಹದ ಬಳೆಯಿಂದ ಫಿಲ್ಮಿನ ಅಥವಾ ಸೆನ್ಸರಿನ ಮೇಲ್ಮೈಗೆ ಇರುವ ದೂರಕ್ಕೆ ಫ್ಲಾಂಜ್ ದೂರ ಎನ್ನುತ್ತಾರೆ. ಪ್ರತಿ ಲೆನ್ಸನ್ನೂ ಒಂದು ನಿಗದಿತ ದೂರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಬಾಡಿಯ ಫ್ಲಾಂಜ್ ದೂರವು ಲೆನ್ಸಿಗೆ ಬೇಕಾದ ದೂರಕ್ಕಿಂತ ಕಡಿಮೆಯಿದ್ದರೆ ಆ ಕೊರತೆಯನ್ನು ಒಂದು ಅಡಾಪ್ಟರ್ ಬಳೆಯಿಂದ ತುಂಬಿಸಬಹುದು. ಹೆಚ್ಚಿದ್ದರೆ ಲೆನ್ಸು ಸೆನ್ಸರಿನಿಂದ ದೂರವೇ ಉಳಿದು, ಬೆಟ್ಟ, ದಿಗಂತ, ಎದುರುಬದಿಯ ಮನೆ ಇವು ಯಾವುವೂ ಫೋಕಸ್‌ಗೆ ಬರುವುದಿಲ್ಲ. ಎಂ42ಗೆ ಬೇಕಾದದ್ದು 45.46 ಮಿ.ಮೀ., ನಿಕಾನ್ ಎಫ್ ಮೌಂಟಿನ ದೂರ 46.5 ಮಿ.ಮೀ. ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಿನ ಈ ಅಂತರವೇ ನನ್ನ ತಂದೆಯ ಮೂರು ಲೆನ್ಸುಗಳನ್ನು ಹತ್ತಿರದ ಹೂವುಗಳಿಗೆ ಮಾತ್ರ ಸೀಮಿತಗೊಳಿಸಿದ್ದು. ಅವೇ ಲೆನ್ಸುಗಳು 44 ಮಿ.ಮೀ. ದೂರವಿರುವ ಕೆನಾನ್ ಇಎಫ್ ಬಾಡಿಯ ಮೇಲೆ ತೆಳುವಾದ ಬಳೆಯೊಂದಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಕೆನಾನ್ ಎಫ್‌ಡಿಗೆ 42, ಮಿನೋಲ್ಟಾದ ಎಂಸಿ ಮತ್ತು ಎಂಡಿ ಲೆನ್ಸುಗಳಿಗೆ 43.5, ಕೋನಿಕಾ ಎಆರ್‌ಗೆ 40.5 ಮಿ.ಮೀ. ಬೇಕು, ಆದ್ದರಿಂದ ಇವು ಕೆನಾನ್ ಇಎಫ್ ಬಾಡಿಗೂ ಹೊಂದುವುದಿಲ್ಲ. ಒಳಗೆ ಗಾಜಿರುವ ಅಡಾಪ್ಟರುಗಳು ಸಿಗುತ್ತವೆಯಾದರೂ, ಒಳ್ಳೆಯ ಲೆನ್ಸಿನ ಹಿಂದೆ ಸಾಧಾರಣ ಗಾಜನ್ನು ಇಡುವುದನ್ನು ನಾನು ಒಪ್ಪಲಾರೆ.

ಮಿರರ್‌ಲೆಸ್ ಬಾಡಿಗಳಲ್ಲಿ ಕನ್ನಡಿಯಿಲ್ಲದ ಕಾರಣ ಈ ದೂರ ಬಹಳ ಕಡಿಮೆ: ನಿಕಾನ್ ಝಡ್‌ನಲ್ಲಿ 16, ಫ್ಯೂಜಿ ಎಕ್ಸ್‌ನಲ್ಲಿ 17.7, ಸೋನಿ ಇಯಲ್ಲಿ 18, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 19.25, ಕೆನಾನ್ ಆರ್‌ಎಫ್ ಮತ್ತು ಎಲ್ ಮೌಂಟುಗಳಲ್ಲಿ 20 ಮಿ.ಮೀ. ಫಿಲ್ಮ್ ಕಾಲದ ಎಸ್‌ಎಲ್‌ಆರ್ ಲೆನ್ಸುಗಳೆಲ್ಲವೂ ಇವುಗಳ ಮೇಲೆ ಗಾಜಿಲ್ಲದ ಅಡಾಪ್ಟರಿನಿಂದಲೇ ದಿಗಂತದವರೆಗೂ ಫೋಕಸ್ ಆಗುತ್ತವೆ. ನಿಮ್ಮ ಚೀಲದಲ್ಲಿ ಎರಡು ಮೂರು ಮೌಂಟುಗಳ ಕೈಫೋಕಸ್ ಲೆನ್ಸುಗಳು ಕಲೆತಿದ್ದರೆ ಬೇರೆ ದಾರಿ ಹುಡುಕಬೇಡಿ, ಮಿರರ್‌ಲೆಸ್ ಬಾಡಿಯನ್ನೇ ಕೊಳ್ಳಿ.

ಒಂದೇ ಕಂಪನಿಯ ಲೆನ್ಸುಗಳಿದ್ದರೆ ಆಯ್ಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಅದರಲ್ಲೂ ನಿಕಾನ್ ವಿಷಯದಲ್ಲಿ. ಎಫ್ ಮೌಂಟ್ 1959ರಿಂದ ಇದ್ದರೂ 1977ರಲ್ಲಿ ಎಐ ಎಂಬ ಹೊಸ ಜೋಡಣೆ ಬಂತು. ಅದಕ್ಕೂ ಹಿಂದಿನ ಲೆನ್ಸನ್ನು ಮಾರ್ಪಾಡು ಮಾಡಿಸದೆ ಡಿ7000, ಡಿ700, ಡಿ850ರಂಥ ಬಾಡಿಗಳಿಗೆ ಹಾಕಿದರೆ ಮೌಂಟಿನ ಅಂಚಿನಲ್ಲಿರುವ ಸಣ್ಣ ಸನ್ನೆ ಮುರಿಯುವ ಸಾಧ್ಯತೆಯಿದೆ. ಗುರುತಿಸುವುದು ಸುಲಭ: ಅಪರ್ಚರ್ ಬಳೆಯಲ್ಲಿ ದೊಡ್ಡ ಅಂಕಿಗಳ ಹಿಂದೆ, ಮೌಂಟಿನ ಹತ್ತಿರ, ಸಣ್ಣ ಅಂಕಿಗಳ ಎರಡನೆಯ ಸಾಲಿದ್ದರೆ ಅದು ಎಐ ಅಥವಾ ಎಐಗೆ ಮಾರ್ಪಡಿಸಿದ ಲೆನ್ಸು, ಒಂದೇ ಸಾಲಿದ್ದು, ಮೇಲಿನ ಲೋಹದ ಕೊಂಬು ರಂಧ್ರಗಳಿಲ್ಲದೆ ಗಟ್ಟಿಯಾಗಿದ್ದರೆ ಹಳೆಯದು. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಆ ಸನ್ನೆಯೇ ಇಲ್ಲದಿರುವುದರಿಂದ ಹಳೆಯ ಲೆನ್ಸುಗಳೂ ಅಪಾಯವಿಲ್ಲದೆ ಕುಳಿತುಕೊಳ್ಳುತ್ತವೆ, ಆದರೆ ಬೆಳಕಿನ ಅಳತೆ ಸಿಗುವುದಿಲ್ಲ. ಇವೇ ಬಾಡಿಗಳಲ್ಲಿ ಫೋಕಸ್ ಮೋಟಾರ್ ಕೂಡ ಇಲ್ಲ; ಆದ್ದರಿಂದ ಬಾಡಿಯ ಮೋಟಾರನ್ನೇ ನೆಚ್ಚಿದ ಎಎಫ್ ಮತ್ತು ಎಎಫ್-ಡಿ ಬಗೆಯ ಲೆನ್ಸುಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿಯೂ, ಅಂದರೆ ಈ ಲೆನ್ಸುಗಳನ್ನು ಝಡ್ ಬಾಡಿಗೆ ಜೋಡಿಸುವ ಬಳೆಯಲ್ಲಿಯೂ, ಮೋಟಾರ್ ಇಲ್ಲ. ಎಎಫ್-ಡಿ ಲೆನ್ಸುಗಳೇ ಹೆಚ್ಚಿದ್ದರೆ ಬಾಡಿಯೊಳಗೆ ಮೋಟಾರ್ ಇರುವ ಡಿ7200 ಅಥವಾ ಡಿ750ರಂಥ ಹಳೆಯ ಡಿಎಸ್ಎಲ್ಆರ್, ಇಂದಿನ ಮಿರರ್‌ಲೆಸ್‌ಗಿಂತ ನಿಮಗೆ ಹೆಚ್ಚು ಒದಗುತ್ತದೆ.

ಕೆನಾನ್ ಇಎಫ್ ಲೆನ್ಸುಗಳ ವಿಷಯದಲ್ಲಿ ಹೇಳುವುದು ಕಡಿಮೆ. 1987ರಿಂದ ಬಂದ ಈ ಲೆನ್ಸುಗಳು ಕೆನಾನ್‌ನದೇ ಅಡಾಪ್ಟರಿನ ಮೂಲಕ ಆರ್‌ಎಫ್ ಬಾಡಿಗಳಲ್ಲಿ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ಇವುಗಳ ಅಪರ್ಚರ್ ವಿದ್ಯುತ್ತಿನಿಂದ ಚಲಿಸುವುದರಿಂದ ವಿದ್ಯುತ್ ಸಂಪರ್ಕವಿಲ್ಲದ ಅಗ್ಗದ ಬಳೆ ಕೊಂಡರೆ ಅಪರ್ಚರ್ ತೆರೆದೇ ಉಳಿಯುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಪೆಂಟ್ಯಾಕ್ಸ್ ಲೆನ್ಸುಗಳನ್ನು ಪಡೆದವರ ಬಗ್ಗೆ ನನಗೆ ಸ್ವಲ್ಪ ಅಸೂಯೆಯಿದೆ. 1975ರ ಕೆ ಮೌಂಟ್ ಇಂದಿನ ಪೆಂಟ್ಯಾಕ್ಸ್ ಡಿಎಸ್ಎಲ್ಆರ್‌ಗಳಲ್ಲಿಯೂ ಉಳಿದಿದೆ. ಅಪರ್ಚರ್ ಬಳೆಯಲ್ಲಿ ‘ಎ’ ಗುರುತಿದ್ದರೆ ಬೆಳಕಿನ ಅಳತೆ ತಾನಾಗಿಯೇ ನಡೆಯುತ್ತದೆ; ಇಲ್ಲದಿದ್ದರೆ ಮೆನುವಿನಲ್ಲಿ ಅಪರ್ಚರ್ ಬಳೆಯ ಬಳಕೆಗೆ ಅನುಮತಿ ಕೊಟ್ಟು, ಮ್ಯಾನ್ಯುಯಲ್ ಮೋಡ್‌ನಲ್ಲಿ ಹಸಿರು ಬಟನ್ ಒತ್ತಿದರೆ ಶಟರ್ ವೇಗವನ್ನು ಕ್ಯಾಮೆರಾ ಸೂಚಿಸುತ್ತದೆ. 2016ರ ಕೆ-1 ಫುಲ್ ಫ್ರೇಮ್ (ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಬಾಡಿಯಾಗಿದ್ದು, ಕೈನಡುಕವನ್ನು ತಡೆಯುವ ವ್ಯವಸ್ಥೆಯನ್ನೂ ಹೊಂದಿದೆ.

ಸೆನ್ಸರಿನ ಅಳತೆಯನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಫಿಲ್ಮ್ ಕಾಲದ ಲೆನ್ಸುಗಳು 36×24 ಮಿ.ಮೀ. ಚೌಕಟ್ಟಿಗೆ ಕಟ್ಟಿದವು. ಅದೇ ಅಳತೆಯ ಫುಲ್ ಫ್ರೇಮ್ ಸೆನ್ಸರಿನಲ್ಲಿ 28 ಮಿ.ಮೀ. ಲೆನ್ಸು ನಿಮ್ಮ ಹಿರಿಯರು ಕಂಡ ವಿಶಾಲ ನೋಟವನ್ನೇ ಕೊಡುತ್ತದೆ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನಲ್ಲಿ ಆ ನೋಟ ಸುಮಾರು 42 ಮಿ.ಮೀ. ಲೆನ್ಸಿನಷ್ಟು, ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 56 ಮಿ.ಮೀ. ಲೆನ್ಸಿನಷ್ಟು ಇಕ್ಕಟ್ಟಾಗುತ್ತದೆ. ಚೀಲದಲ್ಲಿ 135 ಅಥವಾ 200 ಮಿ.ಮೀ. ಲೆನ್ಸುಗಳೇ ಇದ್ದು ನಿಮಗೆ ಹಕ್ಕಿಗಳ ಆಸಕ್ತಿಯಿದ್ದರೆ ಸಣ್ಣ ಸೆನ್ಸರ್ ಲಾಭವೇ ಸರಿ. 28, 35, 50 ಇವೇ ಇದ್ದರೆ ಫುಲ್ ಫ್ರೇಮಿಗಾಗಿ ಕಾಯುವುದು ಲೇಸು. ಹೊಸ ಎಪಿಎಸ್-ಸಿ ಬಾಡಿಗಿಂತ ಹಳೆಯ ಫುಲ್ ಫ್ರೇಮ್ ಬಾಡಿಯನ್ನೇ ನಾನು ಆರಿಸುತ್ತೇನೆ. ಲೈಕಾ ಎಂ ಮೌಂಟಿನ ವಿಶಾಲಕೋನದ ಲೆನ್ಸುಗಳು ಮಾತ್ರ ಇದಕ್ಕೆ ಅಪವಾದ: ಅವುಗಳ ಹಿಂದಿನ ಗಾಜು ಫಿಲ್ಮಿಗೆ ತೀರ ಹತ್ತಿರವಿರುವುದರಿಂದ, ಸೆನ್ಸರಿನ ಮುಂದೆ ದಪ್ಪ ರಕ್ಷಣಾ ಗಾಜಿರುವ ಬಾಡಿಗಳಲ್ಲಿ ಚಿತ್ರದ ಮೂಲೆಗಳು ಕಲಸಿಹೋಗುತ್ತವೆ.

ಕೈಯಿಂದ ಫೋಕಸ್ ಮಾಡುವ ಲೆನ್ಸಿಗೆ ಬಾಡಿಯ ಮೆಗಾಪಿಕ್ಸೆಲ್‌ಗಿಂತ ವ್ಯೂಫೈಂಡರ್ ಮುಖ್ಯ. ಆಟೋಫೋಕಸ್ ಕಾಲದ ಡಿಎಸ್ಎಲ್ಆರ್‌ಗಳ ಫೋಕಸ್ ಗಾಜು ಎಫ್ 1.4ರಷ್ಟು ದೊಡ್ಡದಾಗಿ ತೆರೆದ ಅಪರ್ಚರಿನಲ್ಲಿ ಯಾವುದು ಸ್ಪಷ್ಟ, ಯಾವುದು ಅಲ್ಲ ಎಂಬುದನ್ನು ನಿಖರವಾಗಿ ತೋರಿಸುವುದಿಲ್ಲ. ಮಿರರ್‌ಲೆಸ್ ವ್ಯೂಫೈಂಡರಿನಲ್ಲಿ ದೃಶ್ಯದ ಒಂದು ತುಣುಕನ್ನು ಹಿಗ್ಗಿಸಿ, ಬಳೆಯನ್ನು ಮೆಲ್ಲಗೆ ತಿರುಗಿಸುತ್ತ, ಎದುರಿಗಿರುವವರ ರೆಪ್ಪೆಗೂದಲುಗಳು ಮಸುಕಿನಿಂದ ಒಂದೊಂದಾಗಿ ಬಿಡಿಬಿಡಿಯಾಗಿ ಎದ್ದು ನಿಲ್ಲುವುದನ್ನು ಕಣ್ಣಾರೆ ನೋಡಬಹುದು. ಆದ್ದರಿಂದ ಹಿಗ್ಗಿಸುವ ಕೆಲಸಕ್ಕೆ ಹೆಬ್ಬೆರಳಿಗೆ ಸಿಗುವ ಒಂದು ಬಟನ್ ಇರುವ ಬಾಡಿಯನ್ನೇ ನೋಡಿ. ಸೆನ್ಸರನ್ನೇ ಅಲುಗಿಸಿ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೆ ಅರವತ್ತು ವರ್ಷದ ಲೆನ್ಸಿಗೂ ಅದರ ಉಪಯೋಗ ದೊರೆಯುತ್ತದೆ. ಲೆನ್ಸಿನ ಫೋಕಲ್ ಲೆಂಗ್ತ್ (ಲೆನ್ಸಿನ ಮೇಲೆ ಬರೆದ 28, 50ರಂಥ ಮಿ.ಮೀ. ಅಂಕಿ) ಎಷ್ಟೆಂದು ಮೆನುವಿನಲ್ಲಿ ನೀವೇ ತುಂಬಬೇಕು, ಅಷ್ಟೆ. 2014ರ ಸೋನಿ ಎ7 ಮಾರ್ಕ್ 2ರಲ್ಲಿಯೇ ಇದು ಇತ್ತು. ನಿಕಾನ್ ಝಡ್5 ಮತ್ತು ಝಡ್6ರಲ್ಲಿಯೂ ಇದೆ. 2018ರ ಕೆನಾನ್ ಇಒಎಸ್ ಆರ್‌ನಲ್ಲಿ ಇಲ್ಲ. ಸೆಕೆಂಡ್ ಹ್ಯಾಂಡ್ ಆಗಿ ಸಿಗುವ ಇಂಥ ಬಾಡಿಗಳೇ ಹಳೆಯ ಲೆನ್ಸುಗಳಿಗೆ ಸಾಕು, ಏಕೆಂದರೆ ಹೊಸ ಬಾಡಿಗಳ ದುಬಾರಿ ಆಟೋಫೋಕಸ್ ಈ ಲೆನ್ಸುಗಳಿಗೆ ಯಾವ ಉಪಕಾರವನ್ನೂ ಮಾಡದು.

ಉಳಿದ ಹಣವನ್ನು ಒಳ್ಳೆಯ ಅಡಾಪ್ಟರಿಗೆ ಹಾಕಿ. ಲೆನ್ಸನ್ನು ಹಾಕಿದಾಗ ಅದು ಎಡಬಲಕ್ಕೆ ಅಲುಗಬಾರದು. ಅನೇಕ ಅಡಾಪ್ಟರುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡವಾಗಿ ಮಾಡಿರುತ್ತಾರೆ. ಹಾಗಾಗಿ ಫೋಕಸ್ ಬಳೆಯನ್ನು ಇನ್ಫಿನಿಟಿ (∞) ಗುರುತಿನ ತುದಿಗೆ ತಿರುಗಿಸಿಟ್ಟು ಬೆಟ್ಟದ ಚಿತ್ರ ತೆಗೆದರೆ ಮಸುಕಾಗಬಹುದು. ಎಂ42 ಲೆನ್ಸಿನ ಹಿಂದಿನ ಪಿನ್ನನ್ನು ಒತ್ತಿಹಿಡಿಯುವ ಅಂಚು ಅಡಾಪ್ಟರಿನಲ್ಲಿರಲಿ, ಇಲ್ಲವೇ ಲೆನ್ಸಿನ ಪಕ್ಕದ ಸಣ್ಣ ಸ್ವಿಚ್ಚನ್ನು ‘ಎಂ’ ಕಡೆಗೆ ಸರಿಸಿ; ಹಾಗೆ ಮಾಡದಿದ್ದರೆ ಅಪರ್ಚರ್ ಬಳೆ ತಿರುಗಿದರೂ ಎಲೆಗಳು ಮುಚ್ಚುವುದಿಲ್ಲ.

ಕೊಳ್ಳುವ ಮುನ್ನ ನಿಮ್ಮ ಲೆನ್ಸನ್ನೂ ಅಡಾಪ್ಟರನ್ನೂ ಒಂದು ಮೆಮೊರಿ ಕಾರ್ಡನ್ನೂ ಜೊತೆಯಲ್ಲಿ ಒಯ್ಯಿರಿ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುಗಡೆಗೆ ಅನುಮತಿ ಕೊಡಿ, ಏಕೆಂದರೆ ವಿದ್ಯುತ್ ಸಂಪರ್ಕವಿಲ್ಲದ ಲೆನ್ಸು ಕ್ಯಾಮೆರಾದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಪರ್ಚರ್ ಪ್ರಯಾರಿಟಿ ಮೋಡ್‌ನಲ್ಲಿ, ಅತಿ ದೂರದಲ್ಲಿ ಕಾಣುವ ಯಾವುದಾದರೂ ಕಟ್ಟಡ ಅಥವಾ ಮರವನ್ನು ಪೂರ್ತಿ ತೆರೆದ ಅಪರ್ಚರಿನಲ್ಲಿ ಒಮ್ಮೆ, ಎಫ್ 8ರಲ್ಲಿ ಒಮ್ಮೆ ತೆಗೆದು, ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿ. ಒಂದು ಬದಿ ಮಾತ್ರ ಮಸುಕಾಗಿದ್ದರೆ ಲೆನ್ಸನ್ನು ದೂರುವ ಮೊದಲು ಅಡಾಪ್ಟರನ್ನು ಬದಲಿಸಿ ಮತ್ತೊಮ್ಮೆ ತೆಗೆಯಿರಿ.