ಮೊಣಕಾಲು ನೋವು: ಗುಳಿಗೆಗಿಂತ ಮೊದಲು ಎತ್ತರ ನೋಡಿ

ಮೊಣಕಾಲು ನೋವಿನವರ ಮನೆಗೆ ಹೋದಾಗ ಏನು ಕೇಳಬೇಕು, ಏನು ಮಾಡಿಸಬೇಕು ಎಂದು ನಾನೊಂದು ಪಟ್ಟಿ ಮಾಡಿಕೊಂಡಿದ್ದೆ. ಸವೆದ ಕೀಲಿಗೆ ವ್ಯಾಯಾಮ ಹೇಳಿದರೆ ಇನ್ನಷ್ಟು ಸವೆಯುತ್ತದೆ ಎಂದು ಜೊತೆಯ ನರ್ಸ್‌ಗಳೇ ನಕ್ಕಿದ್ದರು. ಸಿಂಧನೂರು, ಮಸ್ಕಿ ಕಡೆಯ ಮನೆಭೇಟಿಗಳಲ್ಲಿ ಈಗ ಅದೇ ಪಟ್ಟಿ ಅವರೂ ಹಿಡಿದಿದ್ದಾರೆ.

'ನೋವು ಎಷ್ಟು?' ಎಂದರೆ 'ಭಾಳ ಐತಿ' ಎಂಬ ಉತ್ತರ, ಚಾರ್ಟಿಗೆ ಬಾರದು. ನಾನು ಕೆಲಸ ಹಿಡಿದು ಕೇಳುತ್ತೇನೆ: ರೊಟ್ಟಿ ಬಡಿಯಲು ಕೂತಾಗ ಹತ್ತು ರೂಪಾಯಿಯಲ್ಲಿ ಎಷ್ಟು ರೂಪಾಯಿ ನೋವು, ಪಾಯಿಖಾನೆಯಿಂದ ಏಳುವಾಗ ಎಷ್ಟು, ಮಲಗಿದಾಗ ಎಷ್ಟು? ಬೆಳಗಿನ ಬಿಗಿತ ಅರ್ಧ ತಾಸು ಮೀರಿ, ಕೈಬೆರಳೂ ಊದಿದ್ದರೆ ಬೇರೆ ಸಂಧಿವಾತ ಇರಬಹುದು, ಡಾಕ್ಟರಿಗೆ ಕಳಿಸಿ. ಮೊಣಕಾಲು ಬಿಸಿಯಾಗಿ ಕೆಂಪೇರಿ ಜ್ವರವೂ ಇದ್ದರೆ ಅಂದೇ.

ಆಮೇಲೆ ಗುಳಿಗೆ ಚೀಲವನ್ನು ಮಂಚದ ಮೇಲೆ ಸುರಿಸಿ. ಬಿಪಿ ಗುಳಿಗೆಯ ಜೊತೆ ಅಂಗಡಿಯಿಂದ ತಂದ ನೋವಿನ ಗುಳಿಗೆ ಡೈಕ್ಲೋಫೆನಾಕ್ ಹೆಚ್ಚಾಗಿ ಇರುತ್ತದೆ. ಅದರಿಂದ ಹೊಟ್ಟೆಯೊಳಗೆ ರಕ್ತ ಸೋರಬಹುದು, ಮೈಯಲ್ಲಿ ನೀರು ನಿಲ್ಲಬಹುದು; ಹಾಗಾಗಿ ಕಪ್ಪು ಮಲ, ಕಾಲು ಬಾವು ಇದೆಯೇ ಎಂದು ಕೇಳಿಕೊಳ್ಳಿ. ಹೆಸರಿಲ್ಲದ ಬಿಡಿ ಗುಳಿಗೆ ಸ್ಟೆರಾಯ್ಡ್ ಆಗಿರಬಹುದು. ಅದನ್ನು ಥಟ್ಟನೆ ಬಿಡಿಸಬಾರದು, ಡಾಕ್ಟರಿಗೆ ತೋರಿಸಬೇಕು.

ಅಸಲು ಕೆಲಸ ಎತ್ತರದ್ದು: ಮಂಡಿ ಮಡಚಿ ನೆಲಕ್ಕೆ ಕೂರುವುದು ತಪ್ಪಬೇಕು. ಒಲೆ ಕಟ್ಟೆಗೆ ಏರಬೇಕು, ರೊಟ್ಟಿ ನಿಂತು ಬಡಿಯಬೇಕು; ಇದಕ್ಕೆ ಸೊಸೆಯಂದಿರಿಗಿಂತ ಅಜ್ಜಿಯರದೇ ತಕರಾರು. ಕಮೋಡ್ ಕುರ್ಚಿಗೆ ಎರಡು ಸಾವಿರದ ಆಸುಪಾಸು. ಆಗದವರಿಗೆ ನಡು ಕತ್ತರಿಸಿದ ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಅದಕ್ಕಿಂತ ಅಗ್ಗ. ಕತ್ತರಿಸಿದ ಅಂಚಿಗೆ ಸೈಕಲ್ ಟ್ಯೂಬ್ ಸುತ್ತದಿದ್ದರೆ ತೊಡೆ ತರಚುತ್ತದೆ. 

ವ್ಯಾಯಾಮದ ಚೀಟಿ ಯಾವ ಮನೆಯಲ್ಲೂ ವಾರ ಬಾಳಲಿಲ್ಲ. ಧಾರಾವಾಹಿಯ ಜಾಹೀರಾತಿಗೆ ಗಂಟು ಹಾಕಿದ ಮೇಲೆ ನಡೆಯಿತು: ಕಾಲು ಚಾಚಿ, ಮಂಡಿ ಕೆಳಗೆ ಟವೆಲ್ ಸುರುಳಿ, ಒತ್ತಿ ಐದು ಎಣಿಸಿ ಬಿಡು, ಕಾಲಿಗೆ ಹತ್ತು ಸಲ. ಆಮೇಲೆ ಸುರುಳಿ ತೆಗೆಯಿರಿ. ರಾತ್ರಿಯಿಡೀ ಮಂಡಿ ಕೆಳಗೆ ದಿಂಬಿಟ್ಟರೆ ಕಾಲು ಬಾಗಿಯೇ ನಿಲ್ಲುತ್ತದೆ. ಅಳತೆಗೆ ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು ಎಂದು ತಿಂಗಳಿಗೊಮ್ಮೆ ಬರೆದಿಡಿ. ನಾಲ್ಕೈದರಲ್ಲಿದ್ದವರು ಎಂಟೊಂಬತ್ತಕ್ಕೆ ಬಂದಿದ್ದಾರೆ, ನಕ್ಕವರಿಗೆ ತೋರಿಸಿದ್ದೂ ಅದನ್ನೇ.

ಮೊಣಕಾಲಿಗೆ ಏರಿಸುವ ನೀ ಕ್ಯಾಪ್ ನಮ್ಮ ಕಡೆ ದುಡ್ಡು ದಂಡ. ನಮ್ಮ ಬಿಸಿಲಿಗೆ ಬೆವರುಸಾಲೆ ಏಳುತ್ತದೆ, ಸಡಿಲಾದರೆ ಜಾರಿ ಮೀನಖಂಡಕ್ಕೆ ಬರುತ್ತದೆ. ಎಕ್ಕದೆಲೆ ಕಟ್ಟಿದವರ ಚರ್ಮದಲ್ಲಿ ಹಾಲು ತಾಗಿ ಬೊಬ್ಬೆ ಎದ್ದದ್ದುಂಟು. ಶಾಖ ಕೊಡಲು ಹುರಿದ ಉಪ್ಪಿನ ಗಂಟೂ ಜೋಳದ ಗಂಟೂ ಎರಡನ್ನೂ ನೋಡಿದೆ: ಉಪ್ಪು ಚೆನ್ನಾಗಿ ಬಿಸಿ ಹಿಡಿಯಿತು, ಜೋಳ ಹೊತ್ತಿದ ವಾಸನೆ ಬಂತು. ಹದಿನೈದು ನಿಮಿಷ ಸಾಕು. ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿ ತಿಳಿಯದೇ ಹೋಗಬಹುದು, ಮನೆಯವರು ಮೊದಲು ತಮ್ಮ ಮೊಣಕೈಗೆ ಹಚ್ಚಿ ನೋಡಲಿ.

ಕೋಲು ನೋವಿಲ್ಲದ ಕಡೆಯ ಕೈಯಲ್ಲಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಎತ್ತರಕ್ಕೆ. ತುದಿಯ ರಬ್ಬರ್ ಬುಶ್ ಸವೆದರೆ ಬಂಡೆ ಹಾಸಿನ ಮೇಲೆ ಜಾರುತ್ತದೆ. ಹೊಸ ಬುಶ್‌ಗೆ ಮೂವತ್ತು ನಲವತ್ತು ರೂಪಾಯಿ, ಭೇಟಿಗೆ ಹೋದಾಗಲೆಲ್ಲ ತಿರುವಿ ನೋಡಿ.